ಹರಳಿನೊಳಗಿನ ಏಳು ನೀರು

ಗಾಜಿನ ಪಾತ್ರೆ ಕೈಯಲ್ಲಿ ಬೆಚ್ಚಗಾಗತೊಡಗಿತ್ತು.

ಪೆರಿಜಾತ್ ಕದಡುತ್ತಿದ್ದ ಕಡ್ಡಿಯನ್ನು ನಿಲ್ಲಿಸಿದಳು. ಆ ಸಣ್ಣ ಊರಿನ ಆಸ್ಪತ್ರೆಯಲ್ಲಿ ಔಷಧ ಕೂಡಿಸುವ ಕೆಲಸ ಅವಳದು. ಹನ್ನೊಂದು ವರ್ಷಗಳಲ್ಲಿ ಅದೆಷ್ಟು ಸಲ ಮೆಗ್ನೀಸಿಯಾ ಎಂಬ ಮದ್ದಿನ ಉಪ್ಪನ್ನು ಕರಗಿಸಿದ್ದಳೋ ಲೆಕ್ಕವಿಲ್ಲ. ಹರಳು ನೀರಿಗೆ ಬಿದ್ದು ಕರಗುವಾಗ ಪಾತ್ರೆ ತಣ್ಣಗಾಗುತ್ತದೆ. ಜುಲೈ ತಿಂಗಳ ಉರಿಯಲ್ಲಿ ಆ ತಂಪು ಅಂಗೈಗೆ ಎಷ್ಟು ಹಿತವೆಂದರೆ, ಕೆಲಸ ಮುಗಿದ ಮೇಲೂ ಒಂದು ಗಳಿಗೆ ಪಾತ್ರೆಯನ್ನು ಹಾಗೇ ಹಿಡಿದುಕೊಂಡಿರುತ್ತಿದ್ದಳು.

ಇವತ್ತು ಅದು ಬೆಚ್ಚಗಾಗುತ್ತಿತ್ತು. ಬಾಣಂತಿಯ ಮಗುವಿಗೆ ಎರೆಯುವ ನೀರಿನಷ್ಟು.

ನೀರು ಬಿಸಿಯಿತ್ತೇ ಎಂದು ಭಟ್ಟಿ ಇಳಿಸಿದ ನೀರಿನ ಬಾಟಲಿಯನ್ನು ಮುಟ್ಟಿ ನೋಡಿದಳು. ಇಲ್ಲ, ಆರಿದ ನೀರೇ. ಜಾಡಿಯಿಂದ ಒಂದು ಚಿಟಿಕೆ ಪುಡಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಮೇಲೆ ನಾಲ್ಕು ಹನಿ ನೀರು ಬಿಟ್ಟಳು. ಅಂಗೈ ಚುರುಕ್ಕೆಂದಿತು.

ಇದು ಇವತ್ತಿನ ಎರಡನೆಯ ಬಾಟಲಿ. ಮೊದಲನೆಯದನ್ನು ಬೆಳಗ್ಗೆ ಏಳು ಗಂಟೆಗೆ ಮಾಡಿದ್ದಳು. ಆಗ ಆರಿದ ನೀರಿರಲಿಲ್ಲ. ಭಟ್ಟಿಯಿಂದ ಆಗಷ್ಟೇ ಇಳಿದ ಬಿಸಿ ನೀರಿಗೇ ಪುಡಿ ಹಾಕಿದ್ದಳು. ಪಾತ್ರೆ ತಾನಾಗಿಯೇ ಬಿಸಿಯಾದದ್ದು ಗೊತ್ತಾಗುವ ಹಾಗೇ ಇರಲಿಲ್ಲ. ಆ ಬಾಟಲಿ ಹೆರಿಗೆ ವಾರ್ಡಿಗೆ ಹೋಗಿ, ಅದರೊಳಗಿನದು ಐಸಾನೆಮ್ ಎಂಬ ಇಪ್ಪತ್ತೆರಡು ವರ್ಷದ ಬಸುರಿಯ ಮೈ ಸೇರಿ ಆಗಲೇ ಮುಕ್ಕಾಲು ಗಂಟೆ ಆಗಿತ್ತು.

ಪೆರಿಜಾತ್ ಜಾಡಿಯ ಚೀಟಿಯನ್ನು ನೋಡಿದಳು. ಅವಳದೇ ಅಕ್ಷರ: MgSO₄·7H₂O. ಚೀಟಿ ಸರಿಯಿತ್ತು. ಒಳಗಿನದನ್ನು ಈಗ ನೆಟ್ಟಗೆ ನೋಡಿದಳು. ಗಾಜಿನ ಚೂರಿನಂತೆ ಹೊಳೆಯಬೇಕಾದ ಹರಳುಗಳ ಜಾಗದಲ್ಲಿ ಹೊಳಪಿಲ್ಲದ ಬಿಳಿ ಹಿಟ್ಟು. ಬೆಳಗ್ಗೆಯೂ ಅದು ಕಣ್ಣಿಗೆ ಬಿದ್ದಿತ್ತು. ಈ ಸಲ ಡಿಪೋದವರು ಅರೆದು ಕಳಿಸಿದ್ದಾರೆ ಅಂದುಕೊಂಡು ತೂಗಿಬಿಟ್ಟಿದ್ದಳು. ಅತ್ತ ವಾರ್ಡಿನಿಂದ, ಬಾಟಲಿ ಮುಗಿದಿದೆ, ಬೇಗ ಬೇಗ ಎಂದು ಎರಡು ಸಲ ಹೇಳಿಕಳಿಸಿದ್ದರು.

"ಆಪಾ!" ಎಂದು ಕೂಗಿದಳು. "ಬಿಬಿಸಾರಾ ಆಪಾ! ಇಲ್ಲಿ ಬನ್ನಿ, ಬೇಗ!"

ಬಿಬಿಸಾರಾ ಆಪಾ ಆ ಕೋಣೆಯ ಬಾಟಲಿ ತೊಳೆಯುವವಳು. ಅರವತ್ತು ದಾಟಿದ ಹೆಂಗಸು, ಎಲ್ಲರಿಗೂ ಆಪಾ, ಅಂದರೆ ಅಕ್ಕ; ಕೈಯೆಲ್ಲ ಸೋಪಿನ ನೊರೆ. "ಏನು ಮನೆಗೆ ಬೆಂಕಿ ಬಿತ್ತಾ? ಬರ್ತೀನಿ ತಡಿ."

"ಈ ಜಾಡೀಲಿರೋದಕ್ಕೆ ಏನು ಮಾಡಿದ್ರಿ?"

"ಏನ್ ಮಾಡ್ತೀನಿ? ಉಪಕಾರ ಮಾಡಿದೆ. ಮಗಳಿಗೆ ದಡಾರ ಅಂತ ನೀನು ನಾಲ್ಕು ದಿನ ಮನೇಲಿದ್ಯಲ್ಲ, ಆವಾಗ ಚೀಲ ಬಂತು. ಆ ಲಾರಿಯವನು ಕಲ್ಲಂಗಡಿ ಹಣ್ಣಿನ ಜೊತೆ ಹಾಕ್ಕೊಂಡು, ದಾರಿಯುದ್ದಕ್ಕೂ ಹಣ್ಣಿಗೆ ನೀರು ಚಿಮುಕಿಸ್ಕೊಂಡು ಬಂದಿದ್ದ. ಅವನ ಮುಖಕ್ಕಿಷ್ಟು! ಚೀಲ ಎಲ್ಲ ನೆಂದು ಹೆಂಟೆ ಹೆಂಟೆ ಆಗಿತ್ತು."

"ಆಮೇಲೆ?"

"ಆಮೇಲೇನು, ಮನೆಗೆ ಹೊತ್ಕೊಂಡು ಹೋದೆ. ಮಾಡಿನ ಮೇಲೆ ಖರ್ಬೂಜದ ಪಟ್ಟಿ ಒಣಗಾಕಿದ್ದೆ, ಅದರ ಪಕ್ಕದಲ್ಲೇ ಶುದ್ಧವಾದ ಬಟ್ಟೆ ಹಾಸಿ ಹರಡಿದೆ. ಎರಡು ದಿನ ಬಿಸಿಲು ಕಾಯಿಸಿದೆ. ಆದ್ರೂ ನನಗೆ ಸಮಾಧಾನ ಆಗ್ಲಿಲ್ಲ. ರೊಟ್ಟಿ ಸುಟ್ಟಾದ ಮೇಲೆ ತಂದೂರ್ ಕಾದಿತ್ತಲ್ಲ, ತಗಡಿನ ತಟ್ಟೇಲಿ ಒಳಗಿಟ್ಟು ಬಾಯಿ ಮುಚ್ಚಿದೆ. ಬೆಳಗ್ಗೆ ನೋಡ್ತೀನಿ, ಹಿಟ್ಟಂದ್ರೆ ಹಿಟ್ಟು! ಜರಡಿ ಹಿಡಿದು ತುಂಬಿಟ್ಟೆ. ನೀನು ನೋಡಿ ಖುಷಿ ಪಡ್ತೀಯ ಅಂತ ಹೇಳ್ಲಿಲ್ಲ."

ಆ ಊರಿನಲ್ಲಿ ಒಣಗಿಸದೆ ಬಿಡುವ ವಸ್ತುವೇ ಇಲ್ಲ. ಖರ್ಬೂಜ, ಟೊಮೇಟೊ, ಮೊಸರಿನ ಉಂಡೆ, ಈಗ ಬತ್ತಿಹೋದ ಸಮುದ್ರ ಹಿಂದೆ ಇದ್ದ ಕಾಲದಲ್ಲಿ ಮೀನು, ಎಲ್ಲವೂ ಮಾಡು ಹತ್ತಿ ಬಿಸಿಲು ಕಾಯುತ್ತಿದ್ದವು. ಒದ್ದೆಯಾದದ್ದು ಏನೇ ಇರಲಿ, ಒಣಗಿಸಿದರೆ ಉಳಿಯುತ್ತದೆ ಎಂಬ ವಿಷಯದಲ್ಲಿ ಯಾವ ಹೆಂಗಸಿಗೂ ಸಂಶಯವಿರಲಿಲ್ಲ. ಪೆರಿಜಾತಳ ತಾಯಿಯೂ ಅದನ್ನೇ ಮಾಡುತ್ತಿದ್ದಳು.

ಬಿಬಿಸಾರಾ ಆಪಾಳ ಮುಖದಲ್ಲಿನ್ನೂ ಹೊಗಳಿಕೆಗೆ ಕಾಯುವ ನಗೆಯಿತ್ತು. ಪೆರಿಜಾತ್ ಕೈಯಲ್ಲಿದ್ದ ಪಾತ್ರೆಯನ್ನು ಮೇಜಿನ ಮೇಲಿಟ್ಟು, "ಇದನ್ನ ಯಾರೂ ಮುಟ್ಟಬಾರದು, ಚೆಲ್ಲಲೂ ಬಾರದು" ಎಂದವಳೇ ಹೊರಗೆ ಓಡಿದಳು.

ಔಷಧದ ಕೋಣೆಗೂ ಹೆರಿಗೆ ವಾರ್ಡಿಗೂ ನಡುವೆ ಅಂಗಳ. ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಐಸಾನೆಮಳ ಅತ್ತೆ ಶರೀಪಾ, ಬಿಳಿ ತಲೆವಸ್ತ್ರ ಹೊದ್ದು, ಹಾಲು ಬೆರೆಸಿದ ಚಹಾದ ಬಟ್ಟಲನ್ನು ಕುಡಿಯದೆ ಹಿಡಿದು ಕೂತಿದ್ದಳು. ಓಡಿಬರುವ ಪೆರಿಜಾತಳನ್ನು ಕಂಡು ಅರ್ಧ ಎದ್ದಳು. ಪೆರಿಜಾತ್ ನಿಲ್ಲಲಿಲ್ಲ.

ವಾರ್ಡಿನಲ್ಲಿ ಡಾಕ್ಟರ್ ಒರಾಜ್‌ಬಾಯ್ ಮಂಚದ ಪಕ್ಕ ನಿಂತು ಗಡಿಯಾರ ನೋಡುತ್ತಿದ್ದರು. ಐವತ್ತರ ಮನುಷ್ಯ, ದಪ್ಪ ಹುಬ್ಬು, ಮಾತು ಯಾವಾಗಲೂ ಗಡಸು; ಆಸ್ಪತ್ರೆಯವರಿಗೆಲ್ಲ ಅವರು ಅಗಾ, ಅಂದರೆ ಅಣ್ಣ. ಐಸಾನೆಮ್ ಮಲಗಿದ್ದಳು. ಊದಿದ ಮುಖ, ಊದಿದ ಕೈ, ಬೆರಳಿನ ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಹತ್ತು ಗಂಟೆಗೆ ಅವಳಿಗೆ ಫಿಟ್ಸ್ ಬಂದಿತ್ತು. ಬಿಪಿ ಏರಿದ ಬಸುರಿಯರಿಗೆ ಬರುವ ಆ ಫಿಟ್ಸನ್ನು ತಡೆಯುವ ಮದ್ದೆಂದರೆ ಮೆಗ್ನೀಸಿಯಾ. ಹೆಚ್ಚಾದರೆ ಉಸಿರನ್ನೇ ನಿಲ್ಲಿಸುವ ಮದ್ದೂ ಅದೇ.

"ಒರಾಜ್ ಅಗಾ, ಬೆಳಗಿನ ಬಾಟಲಿ ಎಷ್ಟು ಕೊಟ್ರಿ?"

"ಅರವತ್ತು ಮಿಲಿ. ಇಪ್ಪತ್ತು ರಕ್ತಕ್ಕೆ, ಉಳಿದದ್ದು ಮಾಂಸಕ್ಕೆ. ಯಾಕೆ?"

"ಅದು ಬರೆದಿರೋದಕ್ಕಿಂತ ಜಾಸ್ತಿ ಗಟ್ಟಿ ಇದೆ. ಹತ್ತಿರ ಹತ್ತಿರ ಎರಡರಷ್ಟು ಇರಬಹುದು."

ಡಾಕ್ಟರ್ ಅವಳನ್ನು ಒಂದು ಕ್ಷಣ ನೋಡಿದರು. ಮರುಕ್ಷಣವೇ ಹೊದಿಕೆ ಸರಿಸಿ, ಐಸಾನೆಮಳ ಮೊಣಕಾಲ ಕೆಳಗೆ ಕೈ ಕೊಟ್ಟು ಎತ್ತಿ, ಸಣ್ಣ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲುಗಲಿಲ್ಲ. ಇನ್ನೊಂದು ಕಾಲು ತಟ್ಟಿದರು. ಅದೂ ಇಲ್ಲ.

"ಉಸಿರು ಎಣಿಸು" ಎಂದು ನರ್ಸಿಗೆ ಹೇಳಿದರು.

ನರ್ಸ್ ನಿಮಿಷವಿಡೀ ಎಣಿಸಿದಳು. ಎದೆ ಏರುವುದು, ನಿಲ್ಲುವುದು, ಇಳಿಯುವುದು. ಮತ್ತೆ ಏರುತ್ತದೋ ಇಲ್ಲವೋ ಎನ್ನುವಷ್ಟು ಹೊತ್ತು ಸುಮ್ಮನಿರುವುದು.

"ಒಂಬತ್ತು" ಎಂದಳು ನರ್ಸ್. "ಈಗ ಅರ್ಧ ಗಂಟೆ ಹಿಂದೆ ಹದಿನಾಲ್ಕಿತ್ತು. ನಿದ್ದೆ ಹತ್ತಿದೆ ಅಂದ್ಕೊಂಡೆ."

"ಕ್ಯಾಲ್ಸಿಯಂ ತಾ. ಎಷ್ಟಿದೆ?"

"ನಾಲ್ಕು ಆಂಪೂಲು, ಅಗಾ. ಅಷ್ಟೇ."

"ಒಂದು ಒಡಿ. ನಿಧಾನ. ನಾನು ಹೇಳೋವರೆಗೆ ಎರಡನೇದು ಮುಟ್ಟಬೇಡ." ಸೂಜಿ ಚುಚ್ಚುತ್ತಲೇ, ತಲೆ ಎತ್ತದೆ ಕೇಳಿದರು. "ಯಾರ ಕೆಲಸ ಇದು?"

ಬಾಗಿಲ ಬಳಿ ಸದ್ದಾಯಿತು. ಬಿಬಿಸಾರಾ ಆಪಾ ಏದುಸಿರು ಬಿಡುತ್ತ ಬಂದು ನಿಂತಿದ್ದಳು. ಏನಾಗಿದೆಯೆಂದು ಪೂರ್ತಿ ತಿಳಿಯದಿದ್ದರೂ ಏನೋ ಆಗಿದೆಯೆಂದು ತಿಳಿದಿತ್ತು. "ನಂದೇ ಕೈ, ಮಗನೇ. ನಾನೇ ಒಣಗಿಸಿದ್ದು."

"ಒಣಗಿಸಿದ್ದು ಆಪಾ" ಎಂದಳು ಪೆರಿಜಾತ್. "ಆದ್ರೆ ಜಾಡಿ ತೆಗೆದು, ನೋಡದೆ, ತೂಗಿದ್ದು ನಾನು."

"ಇಬ್ಬರೂ ಪಾಲು ಹಂಚಿಕೊಳ್ಳೋದು ಆಮೇಲೆ" ಎಂದರು ಡಾಕ್ಟರ್. "ಕೇಳು ಪೆರಿಜಾತ್. ಈ ಕ್ಯಾಲ್ಸಿಯಂ ಉಸಿರು ತಂದುಕೊಡುತ್ತೆ, ದೇವರು ಕೊಟ್ರೆ. ಆದ್ರೆ ನಿನ್ನ ಮೆಗ್ನೀಸಿಯಾ ಇಳೀತಾ ಬಂದ ಹಾಗೆ ಫಿಟ್ಸ್ ಮತ್ತೆ ಬರುತ್ತೆ. ಇನ್ನೊಂದು ಬಂದ್ರೆ ಇವಳೂ ಇಲ್ಲ, ಹೊಟ್ಟೇಲಿರೋದೂ ಇಲ್ಲ. ಅರಿವಳಿಕೆ ಕೊಡೋ ಡಾಕ್ಟರ್ ನುಕುಸ್‌ನಿಂದ ಹೊರಟಿದ್ದಾನೆ, ಮೂರು ಗಂಟೆಗೆ ಮುಂಚೆ ಬರಲ್ಲ. ಆಮೇಲೇ ಆಪರೇಷನ್. ಎರಡು ಗಂಟೆಗೆ ನನಗೆ ಸರಿಯಾದ ಬಾಟಲಿ ಬೇಕು. ಹತ್ತಿರ ಹತ್ತಿರ ಎರಡರಷ್ಟು ಅನ್ನೋ ಮಾತು ನನಗೆ ಬೇಡ. ಆ ಪುಡಿ ಎಷ್ಟು ಗಟ್ಟಿ, ಅಂಕಿ ಹೇಳು."

"ಬೇರೆ ಮೆಗ್ನೀಸಿಯಾ ಇಲ್ಲ ಅಗಾ. ಇದನ್ನೇ..."

"ಅದಕ್ಕೇ ಹೇಳಿದ್ದು ಅಂಕಿ ಬೇಕು ಅಂತ. ಹೋಗು."

ಅವರ ದೊಡ್ಡ ದೇಶವಾಗಿದ್ದ ಯೂನಿಯನ್ ಮುರಿದ ಮೇಲೆ ಕಾರ್ಖಾನೆಯ ಮದ್ದು ಆ ಊರಿಗೆ ಬರುವುದು ನಿಂತು ನಾಲ್ಕು ವರ್ಷವಾಗಿತ್ತು. ಪಕ್ಕದ ಊರಿನ ಆಸ್ಪತ್ರೆಯೂ ಇವರನ್ನೇ ಕೇಳುತ್ತಿತ್ತು. ಇದ್ದದ್ದು ಒಂದೇ ಜಾಡಿ, ಆ ಜಾಡಿಯಲ್ಲಿ ಈಗ ಏನಿದೆಯೆಂದು ಹೇಳುವವರು ಯಾರೂ ಇರಲಿಲ್ಲ. ಅದನ್ನು ಪುಡಿಯ ಬಾಯಿಂದಲೇ ಹೊರಡಿಸಬೇಕಿತ್ತು.

ಹನ್ನೊಂದೂ ಕಾಲು. ಪೆರಿಜಾತ್ ಜಾಡಿಯನ್ನು ಶುದ್ಧವಾದ ಕಾಗದದ ಮೇಲೆ ಪೂರ್ತಿ ಸುರಿದಳು. ತಂದೂರಿನ ತಟ್ಟೆಯ ಅಂಚಿನ ಪುಡಿ ಬೇರೆ, ನಡುವಿನದು ಬೇರೆ ಒಣಗಿರುತ್ತದೆ. ಎಲ್ಲವನ್ನೂ ಕೂಡಿಸಿ, ಹಿಟ್ಟು ಕಲೆಸುವಂತೆ ಮತ್ತೆ ಮತ್ತೆ ಮಗುಚಿ ಒಂದು ಮಾಡಿದಳು. ಪಿಂಗಾಣಿಯ ಎರಡು ಮೂಸೆ ತೆಗೆದು ಒಂದೊಂದರಲ್ಲಿ ಕೂದಲೆಳೆ ತಪ್ಪದಂತೆ ಹತ್ತು ಗ್ರಾಂ ತೂಗಿ ಗ್ಯಾಸಿನ ಉರಿಯ ಮೇಲಿಟ್ಟಳು.

"ಈಗೇನು, ಇನ್ನೂ ಒಣಗಿಸ್ತಾ ಇದ್ದೀಯ?" ಬಿಬಿಸಾರಾ ಆಪಾ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಹೋಗಿ ಅಂದರೂ ಹೋಗಿರಲಿಲ್ಲ. "ನಾನು ಒಣಗಿಸಿದ್ರೆ ಪಾಪ, ನೀನು ಒಣಗಿಸಿದ್ರೆ ವಿದ್ಯೆ."

ಮುದುಕಿ ಹೆದರಿದಾಗಲೇ ಹೀಗೆ ಕುಟುಕುವುದು. ಪೆರಿಜಾತಳಿಗೆ ಅದು ಗೊತ್ತಿತ್ತು. "ಉಳಿದಿರೋ ನೀರನ್ನೆಲ್ಲ ಓಡಿಸ್ತಾ ಇದ್ದೀನಿ ಆಪಾ. ಎಷ್ಟು ಓಡಿಹೋಯ್ತು ಅಂತ ತೂಕ ಹೇಳುತ್ತೆ. ಅದರಿಂದ ನಿಮ್ಮ ತಂದೂರ್ ಎಷ್ಟು ಬಿಟ್ಟಿತ್ತು ಅಂತ ಗೊತ್ತಾಗುತ್ತೆ."

"ನಾನು ಒಣಗಿಸಿದ್ದರಲ್ಲಿ ನೀರಾ? ಕೈಗೆ ಹಿಡಿದ್ರೆ ಉದುರಿ ಹೋಗುತ್ತೆ!"

"ಮೊದಲು ಹರಳಿದ್ದಾಗಲೂ ಕೈಗೆ ಒಣಗೇ ಇತ್ತಲ್ಲ. ಲಾರಿಯವನು ಚಿಮುಕಿಸಿದ್ದು ಮೇಲಿನ ನೀರು. ನಾನು ಹೇಳೋದು ಒಳಗಿನ ನೀರು." ಪೆರಿಜಾತ್ ಉರಿಯಿಂದ ಕಣ್ಣು ತೆಗೆಯದೆ ಮಾತಾಡಿದಳು. "ಚೀಟಿ ನೋಡಿ."

"ನೋಡ್ತಾನೇ ಇದ್ದೀನಿ, ಹನ್ನೊಂದು ವರ್ಷದಿಂದ ಒರೆಸ್ತಾ ಇದ್ದೀನಿ. ಮಧ್ಯದಲ್ಲಿ ಅದೇನು ಚುಕ್ಕೆ? ನೊಣ ಕೂತು ಎದ್ದುಹೋದ ಗುರುತು ಅಂತ ಎಷ್ಟೋ ಸಲ ಉಜ್ಜಿದೀನಿ."

ನಗು ಬರಬೇಕಾದ ಮಾತು. ಇಬ್ಬರೂ ನಗಲಿಲ್ಲ.

"ಆ ಚುಕ್ಕೇಲೇ ಎಲ್ಲ ಇರೋದು. ಚುಕ್ಕೆಯ ಎಡಕ್ಕಿರೋದು ಉಪ್ಪು. ಬಲಕ್ಕಿರೋದು ನೀರು. ಏಳು ಅಂದ್ರೆ ಒಂದೊಂದು ಕಣ ಉಪ್ಪಿನ ಜೊತೆ ಏಳೇಳು ಕಣ ನೀರು ಕೂತಿದೆ ಅಂತ. ಚುಕ್ಕೆ ಅಂದ್ರೆ, ಇಬ್ಬರೂ ಒಂದೇ ಮನೇಲಿದ್ದಾರೆ, ಬೇಕಾದ್ರೆ ಬೇರೆ ಹೋಗಬಹುದು. ಕಾಲೇಜಿನಲ್ಲಿ ನಾನು ಅದನ್ನ ಗುಣಾಕಾರದ ಚುಕ್ಕೆ ಅಂತ ತಿಳ್ಕೊಂಡು ಗುಣಿಸಿಟ್ಟು ಸೊನ್ನೆ ತಗೊಂಡಿದ್ದೆ. ಕೂಡಬೇಕು ಆಪಾ, ಗುಣಿಸಬಾರದು. ಉಪ್ಪಿನ ತೂಕ ನೂರಿಪ್ಪತ್ತು. ಒಂದು ನೀರು ಹದಿನೆಂಟು, ಏಳು ಸೇರಿದ್ರೆ ನೂರಿಪ್ಪತ್ತಾರು."

ಬಿಬಿಸಾರಾ ಆಪಾ ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದಳು. ಈ ಕೆಲಸಕ್ಕೆ ಬರುವ ಮುಂಚೆ ವರ್ಷಗಟ್ಟಲೆ ಹತ್ತಿ ತೂಗಿಸಿದ ಹೆಂಗಸು, ಲೆಕ್ಕ ಬಾರದವಳಲ್ಲ. "ಹಾಗಂದ್ರೆ ಅರ್ಧಕ್ಕಿಂತ ಜಾಸ್ತಿ ಬರೀ ನೀರೇ?"

"ಬರೀ ನೀರೇ."

"ಅದನ್ನ ನಾನು ಓಡಿಸಿಬಿಟ್ಟೆ. ನೀನು ಹರಳು ಅಂತ ತೂಗಿದೆ, ತಕ್ಕಡೀಲಿ ಕೂತಿದ್ದು ಬರೀ ಉಪ್ಪು." ಮುದುಕಿ ಮೊಣಕಾಲ ಮೇಲಿನ ಕೈಗಳನ್ನು ನೋಡಿಕೊಂಡಳು. "ಆ ಹುಡುಗಿ ಮೈಗೆ ಹೋಗಿದ್ದೂ ಅದೇ."

ಎಲ್ಲಕ್ಕಿಂತ ಹೆಚ್ಚಾಗಿ ಪೆರಿಜಾತಳನ್ನು ಚುಚ್ಚುತ್ತಿದ್ದದ್ದು, ತನಗೆ ಇದು ಮೊದಲೇ ಗೊತ್ತಿತ್ತು ಎಂಬುದು. ಅವಳ ಅಪ್ಪ ಒಣಗಿದ ಕೊಲ್ಲಿಯ ಉಪ್ಪಿನ ಗಣಿಯಲ್ಲಿ ಕೆಲಸಕ್ಕಿದ್ದವನು. ಅವಳಿಗೆ ಏಳು ವರ್ಷವಿದ್ದಾಗ ಒಂದು ಚಳಿಗಾಲ ಮಿರಾಬಿಲೈಟ್ ಎಂಬ ಗಣಿಯ ಉಪ್ಪಿನ ಹರಳೊಂದನ್ನು ತಂದುಕೊಟ್ಟಿದ್ದ. ಬೆರಳುದ್ದ, ಗಾಜಿನಂತೆ ಆಚೆ ಕಾಣುವಷ್ಟು ತಿಳಿ. ಹುಡುಗಿ ಅದನ್ನು ಒಲೆಯ ಪಕ್ಕದ ಕಿಟಕಿಯಲ್ಲಿಟ್ಟಿದ್ದಳು. ನಾಲ್ಕು ದಿನದಲ್ಲಿ ಹರಳಿನ ಮೈಗೆ ಬೂದಿ ಮೆತ್ತಿದ ಹಾಗಾಯಿತು. ವಾರದಲ್ಲಿ ಅದು ಒಂದು ಹಿಡಿ ಹಿಟ್ಟು. ಯಾರೋ ಕದ್ದು ಸುಣ್ಣ ಇಟ್ಟಿದ್ದಾರೆಂದು ಅವಳು ಅತ್ತಾಗ ಅಪ್ಪ, "ಯಾರೂ ಕದ್ದಿಲ್ಲ ಕಣೇ, ಅದರೊಳಗೆ ಹತ್ತು ಪಾಲು ನೀರಿತ್ತು, ಗಾಳಿ ಕುಡಿದುಬಿಡ್ತು" ಎಂದಿದ್ದ. ಹಾಗೆ ಹಿಟ್ಟಾದ ಹರಳನ್ನು ಕಣ್ಣಾರೆ ಕಂಡವಳು, ಇವತ್ತು ಬೆಳಗ್ಗೆ ಅಂಥದೇ ಹಿಟ್ಟನ್ನು ನೋಡಿ, ಡಿಪೋದವರು ಅರೆದಿದ್ದಾರೆ ಅಂದುಕೊಂಡಳಲ್ಲ!

ಮೊದಲನೆಯ ಮೂಸೆಯನ್ನು ಇಳಿಸಿ, ಆರಲು ಬಿಟ್ಟು ತೂಗಿದಳು. ಹತ್ತು ಗ್ರಾಂ ಇದ್ದದ್ದು ಎಂಟೂ ಮುಕ್ಕಾಲು ಚಿಲ್ಲರೆ ಆಗಿತ್ತು. ಇನ್ನೂ ಇಳಿಯಬಹುದು. ಮತ್ತೆ ಉರಿಗಿಟ್ಟಳು. ಮತ್ತೆ ತೂಗಿದಳು: ಎಂಟು ಗ್ರಾಂ ಎಪ್ಪತ್ತು. ಮೂರನೆಯ ಸಲ ಕಾಯಿಸಿ ತೂಗಿದಾಗಲೂ ಎಂಟು ಗ್ರಾಂ ಎಪ್ಪತ್ತು. ಮುಳ್ಳು ಅಲ್ಲಿಂದ ಕದಲಲಿಲ್ಲ. ಹೊರಡಬೇಕಾದ ನೀರೆಲ್ಲ ಹೊರಟಿತ್ತು.

ಹೋದದ್ದು ಒಂದು ಗ್ರಾಂ ಮೂವತ್ತು. ಉಳಿದದ್ದು ಎಂಟು ಎಪ್ಪತ್ತು. ಒಂದು ಹಳೆಯ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಮಾಡಿದಳು. ನೂರಿಪ್ಪತ್ತು ಪಾಲು ಉಪ್ಪಿಗೆ ಎಷ್ಟು ಪಾಲು ನೀರು? ಹದಿನೆಂಟು. ಅಂದರೆ ಒಂದೇ ಒಂದು ನೀರು. ತಂದೂರಿನ ಕಾವು ಆರು ನೀರನ್ನು ಓಡಿಸಿ ಒಂದನ್ನು ಉಳಿಸಿತ್ತು.

ಅಂಕಿ ಸಿಕ್ಕಿತು. ಆದರೆ ಒಂದೇ ಮೂಸೆಯ ಮಾತನ್ನು ನಂಬಿ ಆ ಹುಡುಗಿಗೆ ಚುಚ್ಚುವುದು ಹೇಗೆ? ಎರಡನೆಯದರ ಕಡೆ ತಿರುಗಿದಳು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಬೇಗ ಆಗಲೆಂದು ಉರಿಯನ್ನು ಒಮ್ಮೆಲೇ ಏರಿಸಿದಳು. ಮೂಸೆಯೊಳಗೆ ಚಟಪಟ ಸದ್ದಾಯಿತು, ಪುಡಿ ಸಿಡಿದು ಮುಚ್ಚಳದ ಸಂದಿಯಿಂದ ಮೇಜಿನ ಮೇಲೆಲ್ಲ ಚೆಲ್ಲಿತು. ಚೆಲ್ಲಿದ ಮೇಲೆ ಆ ತೂಕಕ್ಕೆ ಬೆಲೆಯಿಲ್ಲ.

"ಅಯ್ಯೋ!" ಎಂದಳು ಪೆರಿಜಾತ್. ಮುಖವನ್ನು ಮೊಣಕೈಯಿಂದ ಒರೆಸಿಕೊಂಡಳು. ಬೆವರೋ ಕಣ್ಣೀರೋ ಅವಳಿಗೇ ತಿಳಿಯಲಿಲ್ಲ.

ಬಿಬಿಸಾರಾ ಆಪಾ ಎದ್ದು ಬಂದು ಮೇಜು ಒರೆಸಿದಳು. ಬೇರೆ ಮೂಸೆ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ ಕೈಗಿತ್ತಳು. "ಇನ್ನೊಂದ್ಸಲ ಮಾಡು. ಉರಿ ನಾನು ಕಾಯ್ತೀನಿ. ಸಣ್ಣ ಉರಿ ಹಿಡಿಯೋದು ನನಗೆ ಹೇಳಿಕೊಡಬೇಡ, ನಲವತ್ತು ವರ್ಷ ರೊಟ್ಟಿ ಸುಟ್ಟಿದೀನಿ."

"ನಾನೇ ಕೂತಿರ್ತೀನಿ ಆಪಾ."

"ನೀನು ಬಾಟಲಿಗೆ ನೀರು ಅಳೆದಿಡು. ನಡುಗೋ ಕೈಲಿ ಉರಿ ಹಿಡಿಯಕ್ಕಾಗಲ್ಲ. ಇಲ್ಲೇ ಎದುರಿಗೇ ಇದ್ದೀಯಲ್ಲ, ತಪ್ಪಿದ್ರೆ ಬಯ್ಯಿ."

ಪೆರಿಜಾತ್ ಒಂದು ಕ್ಷಣ ಯೋಚಿಸಿ ಉರಿಯ ತಿರುಪನ್ನು ಮುದುಕಿಯ ಕೈಗೆ ಬಿಟ್ಟಳು. ಬಿಬಿಸಾರಾ ಆಪಾ ಜ್ವಾಲೆಯ ಮಟ್ಟಕ್ಕೆ ಮುಖ ತಗ್ಗಿಸಿ ಕೂತಳು. ನೀಲಿ ಉರಿ ಒಂದೇ ಸಮ ಉರಿಯಿತು. ಈ ಸಲ ಒಂದು ಕಣವೂ ಸಿಡಿಯಲಿಲ್ಲ.

ಒಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ನಿಂತಿತು. ಎಂಟು ಗ್ರಾಂ ಅರವತ್ತೊಂಬತ್ತು. ಎರಡು ಮೂಸೆಯ ಮಾತೂ ಒಂದೇ.

ಒಂದು ನೀರಿನ ಹರಳು ನೂರ ಮೂವತ್ತೆಂಟು, ಏಳು ನೀರಿನದು ಇನ್ನೂರ ನಲವತ್ತಾರು. ನೂರು ಮಿಲಿಗೆ ಇಪ್ಪತ್ತೈದು ಗ್ರಾಂ ಹರಳು ತೂಗುವ ಕಡೆ ಈ ಪುಡಿ ಹದಿನಾಲ್ಕು ಸಾಕು. ಹದಿನಾಲ್ಕರ ಕಡೆ ಬೆಳಗ್ಗೆ ಇಪ್ಪತ್ತೈದು ಹೋಗಿತ್ತು. ಎರಡರಷ್ಟಲ್ಲ, ಒಂದೂ ಮುಕ್ಕಾಲರಷ್ಟು. ಪೆರಿಜಾತ್ ಪುಡಿಯನ್ನು ಎರಡು ಸಲ ತೂಗಿದಳು, ಬಿಬಿಸಾರಾ ಆಪಾಳಿಂದ ತೂಕದ ಬಟ್ಟುಗಳ ಅಂಕಿಗಳನ್ನು ಜೋರಾಗಿ ಓದಿಸಿದಳು. ನೀರಿಗೆ ಹಾಕಿದಾಗ ಪಾತ್ರೆ ಬೆಚ್ಚಗಾಯಿತು. ಈಗ ಆ ಬಿಸಿಗೆ ಕಾರಣ ಗೊತ್ತಿತ್ತು. ತಳದಲ್ಲಿ ಒಂದು ಕಣವೂ ಉಳಿಯದಂತೆ ಕದಡಿ, ಸೋಸಿ, ಬಾಟಲಿಯನ್ನು ಕ್ರಿಮಿ ಸಾಯಲೆಂದು ಹಬೆಯ ಡ್ರಮ್ಮಿಗಿಟ್ಟಳು. ಇನ್ನು ಅರ್ಧ ಗಂಟೆ ಹಬೆ, ಆಮೇಲೆ ಆರಿಸುವುದು. ಇದರಲ್ಲಿ ಯಾರ ಅವಸರವೂ ನಡೆಯುವುದಿಲ್ಲ.

ಒಂದೂ ಮುಕ್ಕಾಲಿಗೆ ನರ್ಸ್ ಬಾಗಿಲಲ್ಲಿ ಬಂದು ನಿಂತಳು. "ಆಯ್ತಾ? ಎರಡನೇ ಆಂಪೂಲಿಗೆ ಉಸಿರು ಹದಿನೇಳಕ್ಕೆ ಬಂತು, ಮೊಣಕಾಲೂ ಅಲುಗ್ತು. ಈಗ ಜಾಸ್ತಿ ಅಲುಗ್ತಾ ಇದೆ. ತುಟಿ ಹತ್ತಿರ ಸೆಳೆತ ಶುರುವಾಗಿದೆ. ಅಗಾ ಕೇಳ್ತಿದಾರೆ."

"ಹತ್ತು ನಿಮಿಷ."

"ಹತ್ತು ನಿಮಿಷ ಅಂತ ಅವಳ ತುಟಿಗೆ ಹೋಗಿ ಹೇಳಲಾ?"

ಪೆರಿಜಾತ್ ಡ್ರಮ್ಮಿನ ಮೇಲಿನ ಮುಳ್ಳನ್ನು ನೋಡುತ್ತ ನಿಂತಳು. ಹೊತ್ತು ತುಂಬಿದ ಕೂಡಲೇ ಹಬೆ ಬಿಟ್ಟು, ಬಾಟಲಿಯನ್ನು ಮೊದಲು ಬಿಸಿನೀರಿಗೆ, ಆಮೇಲೆ ಬೆಚ್ಚನೆಯದಕ್ಕೆ, ಆಮೇಲೆ ತಣ್ಣೀರಿಗೆ ದಾಟಿಸಿದಳು. ಒಮ್ಮೆಲೇ ತಣ್ಣೀರಿಗೆ ಹಾಕಿದರೆ ಗಾಜು ಸೀಳುತ್ತದೆ. ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಅಂಗಳಕ್ಕೆ ಇಳಿದಳು.

ಹಿಪ್ಪುನೇರಳೆಯ ಕೆಳಗಿನಿಂದ ಎದ್ದುಬಂದ ಶರೀಪಾ ದಾರಿಗೆ ಅಡ್ಡ ನಿಂತಳು.

"ಬೆಳಗ್ಗೆ ಕೊಟ್ಟಿದ್ದರಲ್ಲಿ ಏನೋ ತಪ್ಪಾಗಿತ್ತಂತೆ. ಗೋಡೆಗೂ ಕಿವಿ ಇದೆ, ನನಗಿಲ್ವಾ? ಇದನ್ನ ಯಾರು ಮಾಡಿದ್ದು?"

"ನಾನು."

"ಅದನ್ನ?"

"ಅದನ್ನೂ ನಾನೇ ಮಾಡಿದ್ದು."

ಶರೀಪಾಳ ತಲೆವಸ್ತ್ರದ ಅಂಚು ಬಿಸಿಗಾಳಿಗೆ ಪಟಪಟಿಸಿತು. "ನನ್ನ ಸೊಸೆ ಬೆಳಗ್ಗೆ ನನ್ನ ಹತ್ತಿರ ಏಪ್ರಿಕಾಟ್ ಕೇಳಿದ್ಲು. ಆಮೇಲೆ ಕಣ್ಣು ತಿರುಗಿಸಿ ಬಿದ್ಲು. ನಿನ್ನನ್ನ ನಾನು ಯಾಕೆ ಒಳಗೆ ಬಿಡಬೇಕು?"

"ಬೆಳಗ್ಗೆ ನಾನು ನೋಡದೆ ಮಾಡಿದ್ದೆ, ಶೇಶೆ. ಇದನ್ನ ನೋಡಿ ಮಾಡಿದೀನಿ. ಎರಡು ಸಲ ಪರೀಕ್ಷೆ ಮಾಡಿದೀನಿ." ಶೇಶೆ, ಅಮ್ಮನ ವಯಸ್ಸಿನವರನ್ನು ಕರೆಯುವ ಆ ಮಾತು, ಪೆರಿಜಾತಳ ಬಾಯಿಗೆ ತಾನಾಗಿಯೇ ಬಂದಿತ್ತು. "ಬಿಡದಿದ್ರೆ ಫಿಟ್ಸ್ ಬರುತ್ತೆ. ಬಿಟ್ರೆ ಬರದೇ ಇರಬಹುದು. ಇದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ."

ಶರೀಪಾ ಪಕ್ಕಕ್ಕೆ ಸರಿದಳು. "ನಡಿ. ನಾನೂ ಬರ್ತೀನಿ. ನೀನು ಅವಳ ಪಕ್ಕದಲ್ಲೇ ಕೂತ್ಕೋ, ನಾನು ನಿನ್ನೆದುರಿಗೆ ಕೂತ್ಕೋತೀನಿ. ಎಲ್ಲಿಗೂ ಹೋಗೋ ಹಾಗಿಲ್ಲ."

ಡಾಕ್ಟರ್ ಅತ್ತೆಯನ್ನು ನೋಡಿ ಹುಬ್ಬು ಗಂಟಿಕ್ಕಿದರು, ಆದರೆ ಹೊರಗೆ ಕಳಿಸಲಿಲ್ಲ. "ಅಂಕಿ?" ಎಂದರು.

"ಒಂದು ನೀರು, ಅಗಾ. ಹದಿನಾಲ್ಕು ಗ್ರಾಂ ನೂರು ಮಿಲಿಗೆ. ಈಗ ಇದು ಸರಿಯಾಗಿ ಇಪ್ಪತ್ತೈದರ ಬಲ."

"ನಿನ್ನ ಮಗಳಿಗಾದ್ರೆ ಕೊಡ್ತಿದ್ಯಾ?"

"ಕೊಡ್ತಿದ್ದೆ."

ಡಾಕ್ಟರ್ ಇಪ್ಪತ್ತು ಮಿಲಿ ಎಳೆದುಕೊಂಡು, ರಕ್ತನಾಳಕ್ಕೆ ಸೂಜಿ ಹಾಕಿ, ಹನಿ ಹನಿಯಾಗಿ ಬಿಟ್ಟರು. ಐಸಾನೆಮಳ ಬಾಯಿಯ ಎಡ ಅಂಚು ಜಿಗಿಯುತ್ತಿತ್ತು, ದಾರಕ್ಕೆ ಕಟ್ಟಿ ಯಾರೋ ಎಳೆಯುತ್ತಿರುವ ಹಾಗೆ. ಐದು ಮಿಲಿ. ಹತ್ತು. ಜಿಗಿಯುತ್ತಲೇ ಇತ್ತು. ಬೆರಳುಗಳು ಚಾದರವನ್ನು ಹಿಡಿದವು. ಹದಿನೈದು. ಬೆರಳು ಸಡಿಲಿದವು. ತುಟಿ ಒಮ್ಮೆ ಜಿಗಿದು, ತಡೆದು, ಇನ್ನೊಮ್ಮೆ ಸಣ್ಣಗೆ ಅಲುಗಿ ನಿಂತಿತು.

"ಈಗ ಉಸಿರು" ಎಂದರು ಡಾಕ್ಟರ್. "ನೀನೇ ಎಣಿಸು ಪೆರಿಜಾತ್. ಹನ್ನೆರಡಕ್ಕಿಂತ ಇಳಿದ್ರೆ ಕೂಗು. ಎರಡು ಆಂಪೂಲು ಒಡೆದು ಕೈಯಲ್ಲೇ ಇಟ್ಕೊಂಡಿರ್ತೀನಿ."

ಪೆರಿಜಾತ್ ಎಣಿಸಿದಳು. ಹದಿನಾರು. ಎದುರಿಗೆ ಶರೀಪಾ ಸೊಸೆಯ ಕಡೆ ನೋಡದೆ, ಪೆರಿಜಾತಳ ಮುಖವನ್ನೇ ನೋಡುತ್ತ ಕೂತಿದ್ದಳು. ಆ ಮುಖದಲ್ಲಿ ಏನು ಬದಲಾದರೂ ತನಗೆ ಮೊದಲು ತಿಳಿಯುತ್ತದೆ ಎಂಬ ಹಾಗೆ. ಹದಿನೈದು. ಹದಿನೈದು. ಬೆಳಗಿನ ಮದ್ದಿನ ಉಳಿಕೆ ಎಷ್ಟಿದೆಯೋ, ಅದರ ಮೇಲೆ ಇದು. ಹದಿನಾಲ್ಕು. ಶರೀಪಾಳ ಹುಬ್ಬು ಮೇಲೇರಿತು. "ಇಳೀತಾ ಇದ್ಯಾ?"

"ಹದಿನಾಲ್ಕು. ಪರವಾಗಿಲ್ಲ" ಎಂದರು ಡಾಕ್ಟರ್. ಸುತ್ತಿಗೆಯಿಂದ ಮೊಣಕಾಲು ತಟ್ಟಿದರು. ಕಾಲು ಮೆಲ್ಲಗೆ, ಆದರೆ ಖಂಡಿತವಾಗಿ, ಮುಂದಕ್ಕೆ ಅಲುಗಿತು. "ಇದೆ. ಎಣಿಸು."

ಹದಿನಾಲ್ಕು. ಹದಿನಾಲ್ಕು. ಹದಿನೈದು. ಹೊರಗೆ ಬಿಬಿಸಾರಾ ಆಪಾ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಒಳಗೆ ಬರುವ ಧೈರ್ಯ ಸಾಲದೆ, ಪ್ರತಿ ಎಣಿಕೆಗೂ ತುಟಿ ಅಲ್ಲಾಡಿಸುತ್ತಿದ್ದಳು. ಹದಿನಾರು. ಎರಡೂವರೆ ಗಂಟೆಯಾಯಿತು. ಹದಿನಾರು.

"ಏನು... ಎಣಿಸ್ತಾ ಇದ್ದೀರಿ?"

ದನಿ ಎಷ್ಟು ಸಣ್ಣದಿತ್ತೆಂದರೆ, ಪೆರಿಜಾತಳಿಗೆ ಮೊದಲು ಕಿಟಕಿಯ ಕಡೆಯಿಂದ ಬಂತೆನ್ನಿಸಿತು. ಐಸಾನೆಮ್ ಕಣ್ಣು ಬಿಟ್ಟಿದ್ದಳು. ಊದಿದ ರೆಪ್ಪೆಗಳ ನಡುವೆ ಎರಡು ಸಣ್ಣ ಗೆರೆಗಳಷ್ಟೇ, ಆದರೆ ಅವು ನೋಡುತ್ತಿದ್ದವು.

"ನಿನ್ನ ಉಸಿರು, ಕಣಮ್ಮ."

"ಎಷ್ಟಾಯ್ತು?"

"ಹದಿನಾರು."

ಐಸಾನೆಮ್ ಕೈ ಎತ್ತಲು ನೋಡಿದಳು, ಆಗಲಿಲ್ಲ. ಕಣ್ಣನ್ನು ಹೊಟ್ಟೆಯ ಕಡೆ ಹೊರಳಿಸಿದಳು. "ಇದರದ್ದು?"

ಶರೀಪಾ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಪೆರಿಜಾತಳ ಮುಖದಿಂದ ಕಣ್ಣು ಕಿತ್ತು ಡಾಕ್ಟರ ಕಡೆ ನೋಡಿದಳು. ಡಾಕ್ಟರ್ ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು, ಕಿವಿ ಕೊಟ್ಟು, ಗಡಿಯಾರ ನೋಡುತ್ತ ನಿಂತರು.

"ನೂರ ಮೂವತ್ತು" ಎಂದರು ಕೊನೆಗೆ. "ಎದೆಬಡಿತ ಓಡ್ತಾ ಇದೆ, ಕುದುರೆ ಹಾಗೆ." ಅಂಗಳದಲ್ಲಿ ಗಾಡಿಯೊಂದು ಬಂದು ನಿಂತ ಸದ್ದಾಯಿತು. ನುಕುಸ್‌ನವನು ಅರ್ಧ ಗಂಟೆ ಮುಂಚೆಯೇ ಬಂದಿದ್ದ. ಡಾಕ್ಟರ್ ಕೈ ತೊಳೆಯಲು ಹೊರಟರು.

ಶರೀಪಾ ಎದ್ದು ಬಂದು ಸೊಸೆಯ ಹಣೆಯ ಕೂದಲು ಸರಿಸಿದಳು. ಪೆರಿಜಾತ್ ಎದ್ದು ಜಾಗ ಬಿಡಲು ಹೊರಟಾಗ, ತಿರುಗಿ ನೋಡದೆಯೇ ಅವಳ ಭುಜ ಒತ್ತಿ ಕೂರಿಸಿದಳು.

"ನಿಲ್ಲಿಸಬೇಡ" ಎಂದಳು. "ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋಗೋವರೆಗೆ ಎಣಿಸ್ತಾನೇ ಇರು. ಜೋರಾಗಿ ಎಣಿಸು, ನನಗೂ ಕೇಳಲಿ."